ದ್ವೀಪನಗರಿಯ ನೋಟಕರು

ಯಾತ್ರಿಕ ಎಂಬ ಮಾತು ನಮ್ಮಲ್ಲಿ ಹಳೆಯದು. ಪ್ರವಾಸಿ ಎಂಬ ಮಾತನ್ನು ಇಂದಿನ ಅರ್ಥದಲ್ಲಿ ನಾವು ಬಳಸತೊಡಗಿದ್ದು ಈಚೆಗೆ. ಸಂಸ್ಕೃತದಲ್ಲಿ ಪ್ರವಾಸವೆಂದರೆ ಮನೆಮಠ ತೊರೆದು ದೂರದಲ್ಲಿ ವಾಸಮಾಡುವುದು. ಅದರಲ್ಲಿ ಸುಖಕ್ಕಿಂತ ಸಂಕಟವೇ ಹೆಚ್ಚು. ಗಂಡ ಪರಸ್ಥಳಕ್ಕೆ ಹೋಗಿರುವ ನಾಯಿಕೆಯನ್ನು ಲಾಕ್ಷಣಿಕರು ಪ್ರೋಷಿತಪತಿಕೆ ಎಂದು ಕರೆದರಲ್ಲವೆ? ಆ ಪ್ರೋಷಿತವೂ ಈ ಪ್ರವಾಸವೂ ಒಂದೇ ಧಾತುವಿನ ಮಕ್ಕಳು. ಅಂಥ ವಿರಹದ ಮಾತು ಇಂದು ಬುತ್ತಿ ಕಟ್ಟಿಕೊಂಡು ಹೊರಟು ಸಂಜೆಯೊಳಗೆ ಮನೆ ಸೇರುವ ಉಲ್ಲಾಸದ ಮಾತಾಗಿದೆ. ಹಳಗನ್ನಡದಲ್ಲಿ ನೋಟಕ ಎಂಬ ಇನ್ನೊಂದು ಸೊಗಸಾದ ಪದವಿದೆ. ನೋಡಲೆಂದೇ ಬಂದು ನಿಂತವನು ನೋಟಕ. ಆಟ ಆಡುವವನೂ ಅವನಲ್ಲ, ಆಡಿಸುವವನೂ ಅಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಒಂದು ಊರಿನ ಚರಿತ್ರೆಯನ್ನಲ್ಲ. ಆ ಊರಿಗೆ ಬಂದ ನೋಟಕರ ಚರಿತ್ರೆಯನ್ನು.

ದ್ವೀಪನಗರ ಎಂದೊಡನೆ ನಮ್ಮವರ ಮನಸ್ಸು ಸಿಂಗಪುರಕ್ಕೋ ಕೊಲಂಬೋವಿಗೋ ಹಾರುತ್ತದೆ. ಸಮುದ್ರವಿಲ್ಲದೆಯೂ ದ್ವೀಪವಾಗಬಹುದು ಎಂಬುದನ್ನು ಮರೆಯುತ್ತೇವೆ. ಮೈಸೂರಿನಿಂದ ಹದಿನೈದು ಕಿಲೋಮೀಟರು ದೂರದಲ್ಲಿ ಕಾವೇರಿ ಎರಡಾಗಿ ಕವಲೊಡೆದು, ಮೂರು ಮೈಲಿ ಉದ್ದ ಒಂದು ಮೈಲಿ ಅಗಲದ ನೆಲವೊಂದನ್ನು ಬಳಸಿ, ಮತ್ತೆ ಒಂದಾಗುತ್ತಾಳೆ. ಆ ನೆಲವೇ ಶ್ರೀರಂಗಪಟ್ಟಣ. ಪಡುವಣ ತುದಿಯಲ್ಲಿ ಕೋಟೆ, ಮೂಡಣ ತುದಿಯಲ್ಲಿ ಗಂಜಾಂ ಮತ್ತು ಸಂಗಮ, ನಡುವೆ ತೆಂಗು, ಬತ್ತ, ಕಬ್ಬು. ಸುಮಾರು ಇನ್ನೂರು ವರ್ಷ ಮೈಸೂರು ರಾಜ್ಯವನ್ನು ಆಳಿದ ಊರು ಇದು.

ನಾನು ವನಗೂರಿನ ಕಡೆಯವನು. ಸಕಲೇಶಪುರದಿಂದ ಹೆತ್ತೂರಿನ ಮೇಲೆ ಬಿಸಿಲೆ ಘಟ್ಟಕ್ಕೆ ಹೋಗುವ ಹಾದಿಯಲ್ಲಿ, ಮಂಜಿನಲ್ಲಿ ಅರ್ಧ ವರ್ಷ ಮುಳುಗಿರುವ ಊರು. ಶ್ರೀರಂಗಪಟ್ಟಣಕ್ಕೂ ಅದಕ್ಕೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ನಂಟು ಮೊದಲು ನೀರಿನದು. ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಒಂದು ದಿಣ್ಣೆಯಿದೆ. ಅದರ ಪಡುವಣ ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿಗಳನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ; ಮೂಡಣ ಮಗ್ಗುಲಿಗೆ ಬಿದ್ದದ್ದು ಹೇಮಾವತಿಗೆ ಇಳಿದು, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯೊಡನೆ ಬೆರೆತು, ಶ್ರೀರಂಗನ ಪಾದದ ಬಳಿ ಹಾದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಎರಡನೆಯ ನಂಟು ಅಷ್ಟು ತಣ್ಣಗಿನದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈ ಊರಿನ ಮೊದಲ ನೋಟಕರು ಭಕ್ತರು. ಕಾವೇರಿಯ ಮೂರು ದ್ವೀಪಗಳಲ್ಲಿ ರಂಗನಾಥ ಪವಡಿಸಿದ್ದಾನೆ: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಆದಿರಂಗನ ಗುಡಿ ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬವನಿಂದ ಆದದ್ದೆಂದು ಗ್ಯಾಸೆಟಿಯರುಗಳು ಬರೆಯುತ್ತವೆ. 1454ರಲ್ಲಿ ನಾಗಮಂಗಲದ ಹೆಬ್ಬಾರ ತಿಮ್ಮಣ್ಣ ವಿಜಯನಗರದ ಅಪ್ಪಣೆ ಪಡೆದು ಕೋಟೆ ಕಟ್ಟಿಸಿದ. ಮುಂದೆ ವಿಜಯನಗರದ ರಾಜಪ್ರತಿನಿಧಿಗಳು ಇಲ್ಲಿ ನೆಲಸಿದರು. 1610ರಲ್ಲಿ ರಾಜ ಒಡೆಯರು ಆ ಪ್ರತಿನಿಧಿಯಾದ ತಿರುಮಲರಾಜನಿಂದ ಪಟ್ಟಣವನ್ನು ವಶಪಡಿಸಿಕೊಂಡು, ಅದೇ ವರ್ಷ ಮಹಾನವಮಿಯನ್ನು ಇಲ್ಲಿ ಆರಂಭಿಸಿದರು. ಹಂಪೆಯಲ್ಲಿ ಅಬ್ದುಲ್ ರಜಾಕನೂ ಪೋರ್ತುಗೀಜ ಪಯಣಿಗರೂ ಬೆರಗಾಗಿ ನೋಡಿದ್ದ ಆ ಉತ್ಸವ ದಕ್ಷಿಣಕ್ಕೆ ಇಳಿದು ಬಂದದ್ದು ಹೀಗೆ. ಅಂದಿನಿಂದ ಶ್ರೀರಂಗಪಟ್ಟಣ ದೇವರನ್ನು ನೋಡುವ ಊರಷ್ಟೇ ಆಗಿ ಉಳಿಯದೆ ದೊರೆಯನ್ನು ನೋಡುವ ಊರೂ ಆಯಿತು.

ಆ ನೋಟವನ್ನು ಕನ್ನಡದಲ್ಲಿ ಬರೆದಿಟ್ಟವನು ಗೋವಿಂದ ವೈದ್ಯ. 1648ರಲ್ಲಿ ಮುಗಿದ ಅವನ ಸಾಂಗತ್ಯ ಕಾವ್ಯ ‘ಕಂಠೀರವ ನರಸರಾಜ ವಿಜಯ’ ಎಂ.ಎ. ತರಗತಿಗಳಲ್ಲಿ ಈಗ ಹೆಸರಿಗೆ ಮಾತ್ರ ಉಳಿದಿದೆ. ಕಾವ್ಯವೆಂದ ಮೇಲೆ ಅಷ್ಟಾದಶ ವರ್ಣನೆ ಇರಬೇಕು, ಅದರಲ್ಲಿ ಪುರವರ್ಣನೆಯೂ ಇರಬೇಕು ಎಂಬುದು ಕಟ್ಟಳೆ. ಬಹುಪಾಲು ಕವಿಗಳು ಆ ಕಟ್ಟಳೆ ತೀರಿಸಲು ಎಲ್ಲಿಯೂ ಇಲ್ಲದ ಒಂದು ಊರನ್ನು ಕಟ್ಟುತ್ತಾರೆ. ಅಲ್ಲಿಯ ಉಪ್ಪರಿಗೆಗಳು ಚಂದ್ರನಿಗೆ ತಗಲುತ್ತವೆ, ಅಷ್ಟೆ. ಗೋವಿಂದ ವೈದ್ಯನಿಗೆ ಮಾತ್ರ ಕಣ್ಣೆದುರು ನಿಜವಾದ ಊರಿತ್ತು. ಕೋಟೆ, ಪೇಟೆ, ಅಂಗಡಿಬೀದಿ, ಒಲಗದ ಸಾಲು, ಹಬ್ಬಕ್ಕೆ ನೆರೆದ ಜನ, ಕುಸ್ತಿ, ನಾಟ್ಯ, ಇವೆಲ್ಲ ಅವನಲ್ಲಿ ಕಂಡವನ ಬರಹವಾಗಿವೆ. ಉತ್ಪ್ರೇಕ್ಷೆ ಇಲ್ಲವೆಂದಲ್ಲ. ಆಸ್ಥಾನಕವಿಗೆ ಉತ್ಪ್ರೇಕ್ಷೆ ಸಂಬಳದ ಒಂದು ಭಾಗ. ಆದರೆ ಉತ್ಪ್ರೇಕ್ಷೆಯ ಬಣ್ಣವನ್ನು ಒರಸಿದರೆ ಒಳಗೆ ಒಂದು ಊರು ಉಳಿಯುತ್ತದೆ. ದಸರೆಯನ್ನು ಕುರಿತು ಬರೆಯುವ ಚರಿತ್ರಕಾರರು ಇಂದಿಗೂ ಅವನ ಬಾಗಿಲು ತಟ್ಟುವುದು ಇದರಿಂದಲೇ.

ಚಿಕ್ಕದೇವರಾಜ ಒಡೆಯರ ಕಾಲದ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. 1673ರಿಂದ 1704ರವರೆಗೆ ಆಳಿದ ಈ ದೊರೆ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿ ‘ಅಠಾರಾ ಕಚೇರಿ’ ಏರ್ಪಡಿಸಿದ, ಅಂಚೆಯ ವ್ಯವಸ್ಥೆ ಮಾಡಿದ, ನಾಲೆ ತೋಡಿಸಿದ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನನಗೆ ಹೆಚ್ಚು ಮುಖ್ಯವೆಂದು ತೋರುವುದು ಆ ಅರಮನೆಯೊಳಗೆ ನಡೆದ ಅಕ್ಷರದ ಕೆಲಸ. ತಿರುಮಲಾರ್ಯ, ಚಿಕುಪಾಧ್ಯಾಯ ಇಲ್ಲಿದ್ದರು. ಹರ್ಷನ ‘ರತ್ನಾವಳಿ’ಯನ್ನು ಆಧರಿಸಿ ಸಿಂಗರಾರ್ಯ ‘ಮಿತ್ರವಿಂದಾ ಗೋವಿಂದ’ವನ್ನು ಬರೆದದ್ದು ಇಲ್ಲಿ, ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ರಾಣಿಯ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೆಣ್ಣುಮಗಳು ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದದ್ದೂ ಇದೇ ಅರಮನೆಯ ನೆರಳಿನಲ್ಲಿ. ಪತಿವ್ರತೆಯ ಧರ್ಮವನ್ನು ಹೇಳುತ್ತ ಹೇಳುತ್ತಲೇ ಹೆಣ್ಣನ್ನು ಹೀಗಳೆಯುವವರನ್ನು ಕುರಿತು ಅವಳು ಕೇಳಿದ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಇನ್ನು 1799ಕ್ಕೆ ಬರೋಣ. ಎಲ್ಲರೂ ಅಲ್ಲಿಗೇ ಬರುತ್ತಾರೆ. 1761ರಲ್ಲಿ ಅಧಿಕಾರ ಹಿಡಿದ ಹೈದರನ, 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪುವಿನ, 1792ರ ಮುತ್ತಿಗೆ ಮತ್ತು ಒಪ್ಪಂದದ, ಒತ್ತೆಯಾಗಿ ಹೋದ ಇಬ್ಬರು ಬಾಲಕರ ಕಥೆಯನ್ನು ನಾನು ಮತ್ತೆ ಹೇಳಬೇಕಾಗಿಲ್ಲ. 1799ರ ಮೇ 4ರಂದು, ಮಧ್ಯಾಹ್ನ ಊಟದ ಹೊತ್ತು ಮೀರಿದಾಗ, ಜನರಲ್ ಬೇರ್ಡನ ಪಡೆ ಹೊಳೆ ದಾಟಿ ಕೋಟೆಯ ಒಡಕಿನಲ್ಲಿ ನುಗ್ಗಿತು. ಸಂಜೆಯೊಳಗೆ ಸುಲ್ತಾನ ಸತ್ತಿದ್ದ. ಆ ರಾತ್ರಿ ಪಟ್ಟಣವನ್ನು ದೋಚಿದರು. ಮರುದಿನ ಗುಂಬಜಿನಲ್ಲಿ ತಂದೆಯ ಮಗ್ಗುಲಲ್ಲಿ ಸುಲ್ತಾನನ ಸಮಾಧಿಯಾದಾಗ ಗುಡುಗು ಮಳೆ ಹೊಡೆಯಿತು. ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಗಲ್ಲು, ಛಡಿಯೇಟುಗಳಿಂದ ಲೂಟಿಯನ್ನು ನಿಲ್ಲಿಸಿದ. ಆದರೆ ಕ್ರಮಬದ್ಧವಾದ ಲೂಟಿ ನಿಲ್ಲಲಿಲ್ಲ, ಅದಕ್ಕೆ ಸಮಿತಿಯೇ ಇತ್ತು. ಸಿಂಹಾಸನವನ್ನು ತುಂಡುಮಾಡಿ ಹಂಚಿಕೊಂಡರು. ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಸೈನಿಕನ ಮೇಲೆರಗಿದ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುಲ್ತಾನ ತನ್ನ ಕನಸುಗಳನ್ನು ಪಾರ್ಸಿಯಲ್ಲಿ ತಾನೇ ಬರೆದಿಟ್ಟಿದ್ದ ಸಣ್ಣ ಪುಸ್ತಕವೂ ಹೋಯಿತು. ಎರಡು ಶತಮಾನ ಕಳೆದ ಮೇಲೆ ಗಿರೀಶ ಕಾರ್ನಾಡರು ಅದರಿಂದ ಒಂದು ನಾಟಕ ಮಾಡಿದರು; ಅದು ಮೊದಲು ಬಿ.ಬಿ.ಸಿ.ಗಾಗಿ ಬರೆದ ಬಾನುಲಿ ನಾಟಕ ಎಂಬುದು ಈ ವೇದಿಕೆಯಲ್ಲಿ ನೆನೆಯಬೇಕಾದ ಮಾತು.

ನನ್ನ ಗಮನ ಸೆಳೆಯುವುದು ಇದರ ಮರುವರ್ಷ. 1800ರಲ್ಲಿ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಗಾರ ನೂರಿಪ್ಪತ್ತು ಅಡಿ ಉದ್ದದ ಒಂದು ಚಿತ್ರವನ್ನು ತೆರೆದು ತೋರಿಸಿದ. ಅರ್ಧವೃತ್ತಾಕಾರವಾಗಿ ಕಟ್ಟಿದ ಆ ಬಟ್ಟೆಯ ಮೇಲೆ ಶ್ರೀರಂಗಪಟ್ಟಣ ಬೀಳುತ್ತಿತ್ತು. ಜನ ದುಡ್ಡು ಕೊಟ್ಟು ಒಳಗೆ ಹೋಗಿ, ನಡುವೆ ನಿಂತು, ಹೊಗೆಯನ್ನೂ ಕತ್ತಿಯನ್ನೂ ಹೆಣಗಳನ್ನೂ ಸುತ್ತ ತಿರುಗಿ ನೋಡಿ, ಮನೆಗೆ ಹೋಗಿ ಊಟ ಮಾಡುತ್ತಿದ್ದರು. ಚಿತ್ರ ಬರೆದವನು ಭಾರತವನ್ನು ಕಂಡವನಲ್ಲ. ಅದೇ ಕಾಲದಲ್ಲಿ ಟರ್ನರನೂ ಶ್ರೀರಂಗಪಟ್ಟಣದ ಜಲವರ್ಣ ಚಿತ್ರಗಳನ್ನು ಬರೆದ. ಅವನೂ ಇತ್ತ ಬಂದವನಲ್ಲ. ಮುಂದೆ 1868ರಲ್ಲಿ ವಿಲ್ಕಿ ಕಾಲಿನ್ಸ್ ತನ್ನ ‘ಮೂನ್‌ಸ್ಟೋನ್’ ಕಾದಂಬರಿಯನ್ನು ಆರಂಭಿಸುವುದು ಈ ಲೂಟಿಯ ರಾತ್ರಿಯಿಂದ. ಹೀಗೆ, ಕಾಲಿಡದೆಯೇ ನೋಡಿದವರ ಒಂದು ದೊಡ್ಡ ಗುಂಪು ನಮ್ಮ ದ್ವೀಪಕ್ಕೆ ಗಂಟುಬಿತ್ತು. ಆಮೇಲೆ ನಿಜವಾಗಿ ಬಂದ ಇಂಗ್ಲಿಷ್ ನೋಟಕರೂ ಚಿತ್ರದಲ್ಲಿ ಕಂಡದ್ದನ್ನೇ ಹುಡುಕಿಕೊಂಡು ಬಂದರು: ಕೋಟೆಯ ಒಡಕು ಎಲ್ಲಿ, ಸುಲ್ತಾನ ಬಿದ್ದದ್ದು ಎಲ್ಲಿ, ಸೆರೆಮನೆ ಎಲ್ಲಿ. ಇಂದು ನಾವು ಹೋಗಿ ಕೇಳುವುದೂ ಈ ಮೂರು ಪ್ರಶ್ನೆಗಳನ್ನೇ. ಈ ಪ್ರಶ್ನೆಗಳನ್ನು ನಮಗೆ ಯಾರು ಕಲಿಸಿಕೊಟ್ಟರು ಎಂದು ಯೋಚಿಸಿದರೆ ಲೈಸಿಯಂ ಸಭಾಂಗಣ ನೆನಪಿಗೆ ಬರುತ್ತದೆ.

ಬೇರೆ ಕಣ್ಣಿನಿಂದ ನೋಡಿದವನು ಒಬ್ಬನಿದ್ದ, ಫ್ರಾನ್ಸಿಸ್ ಬುಕಾನನ್. ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಈ ವೈದ್ಯ ಬೆಳೆ, ಗೊಬ್ಬರ, ಮಗ್ಗ, ತೂಕ, ಅಳತೆಗಳನ್ನು ಬರೆದುಕೊಂಡ. ಅವನ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಕಂಪನಿಯ ಲಾಭಕ್ಕಾಗಿ ಬಂದವನು ಎಂಬುದು ನಿಜ. ಆದರೂ ಜನ ಏನು ತಿನ್ನುತ್ತಾರೆ ಎಂದು ಕೇಳುವ ಸೌಜನ್ಯ ಅವನಿಗಿತ್ತು. ಪಟ್ಟಣದ ಬೀದಿಗಳು ಇಕ್ಕಟ್ಟು, ಗೋಜಲು. ಮನೆಗಳು ಸಾಧಾರಣ ಎಂದು ಅವನು ಬರೆಯುತ್ತಾನೆ. ಸುಲ್ತಾನನ ಅರಮನೆಯಲ್ಲಿ ಮಲಗುವ ಕೋಣೆಗೆ ಹೋಗುವ ಹಾದಿಯಲ್ಲಿ ನಾಲ್ಕು ಹುಲಿಗಳನ್ನು ಸರಪಳಿಯಲ್ಲಿ ಕಟ್ಟಿರುತ್ತಿದ್ದ ಸಂಗತಿಯನ್ನು ಬರೆದವನೂ ಅವನೇ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಸುಮಾರು 1,50,000 ಜನ ಇದ್ದಿರಬೇಕೆಂದು ಅವನ ಅಂದಾಜು. ಅವನು ಬಂದಾಗ, ದಂಡನ್ನು ಬಿಟ್ಟರೆ, ಉಳಿದಿದ್ದವರು ಸುಮಾರು 32,000. ಒಂದು ವರ್ಷದೊಳಗೆ ಐವರಲ್ಲಿ ನಾಲ್ವರು ಎಲ್ಲಿಗೆ ಹೋದರು?

ಕೇಳುಗ ಮಹನೀಯರೆ, ಈ ಪ್ರಶ್ನೆಯ ಮುಂದೆ ಸ್ವಲ್ಪ ನಿಲ್ಲೋಣ. ಎಲ್ಲರೂ ಸತ್ತರು ಎಂದು ಹೇಳಿದರೆ ಅದು ತಪ್ಪಾಗುತ್ತದೆ. ಸಾವಿರಾರು ಮಂದಿ ಸತ್ತದ್ದು ನಿಜ. ಆದರೆ ಈ ಊರಿನಲ್ಲಿದ್ದವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು. ಒಂದು ಪಾಲು ಸೈನ್ಯ, ಇನ್ನೊಂದು ಪಾಲು ಅರಮನೆ, ಕಾರಖಾನೆ, ತೋಪಿನ ಮನೆಗಳ ಊಳಿಗದವರು. ದೊರೆ ಹೋದಮೇಲೆ ಇವರಿಗೆ ಅನ್ನವಿರಲಿಲ್ಲ. ರಾಜಧಾನಿ ಮೈಸೂರಿಗೆ ಹೋಯಿತು, ಕೈಬಲ್ಲವರು ಅದರ ಹಿಂದೆ ಹೋದರು. ಮತ್ತೊಂದು ಪಾಲು, ತಾವಾಗಿ ಬಾರದೆ ತರಲ್ಪಟ್ಟವರು. ಶಹರ್ ಗಂಜಾಮನ್ನು ತುಂಬಿಸಲು ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದರೆಂದು ರೈಸರ ಗ್ಯಾಸೆಟಿಯರು ಹೇಳುತ್ತದೆ. ಕೊಡಗಿನಿಂದ ಕೊಡವರನ್ನು, ಕೆನರಾ ಕರಾವಳಿಯಿಂದ ಕ್ರೈಸ್ತರನ್ನು ಸೆರೆಹಿಡಿದು ತಂದದ್ದು ಆ ಸಮುದಾಯಗಳ ಮನೆಮನೆಯ ನೆನಪು. ಬಾಗಿಲು ತೆರೆದಾಗ ಇವರು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಅಂದರೆ, ಹಾಳಾದ ಪಟ್ಟಣ ಎಂದು ಕವಿಗಳು ನಿಟ್ಟುಸಿರಿಡುವ ಆ ಖಾಲಿ ಬೀದಿಗಳಲ್ಲಿ ಕೆಲವು ಖಾಲಿಯಾದದ್ದು ಬಿಡುಗಡೆಯಿಂದ. ಪ್ರವಾಸಿ ಕೈಪಿಡಿಗಳಲ್ಲಿ ಈ ವಿಚಾರಕ್ಕೆ ಜಾಗ ಸಿಗುವುದು ಕಡಿಮೆ. ಟಿಪ್ಪುವನ್ನು ಹೊಗಳುವವರಿಗೆ ಇದು ಹಿತವಲ್ಲ. ಅವನನ್ನು ತೆಗಳುವವರಿಗೆ, ಅವನ ಮರಣಾನಂತರ ಬಂದ ಕಂಪನಿಯ ಕೆಳಗೆ ಊಳಿಗದವರು ಹೊಟ್ಟೆಗಿಲ್ಲದೆ ಚದುರಿದ್ದು ಹಿತವಲ್ಲ.

ಈ ಸಂದರ್ಭದಲ್ಲಿ ಬಂದ ಒಬ್ಬ ಫ್ರೆಂಚ್ ಪಾದ್ರಿಯ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಅಬೆ ದ್ಯುಬ್ವಾ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲೆಂದು ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ. ಕಾವಿ ಉಟ್ಟು, ಸಸ್ಯಾಹಾರ ಹಿಡಿದು, ನಮ್ಮವರ ನಡುವೆ ನಮ್ಮವರಂತೆ ಬಾಳಿದ. ಸಿಡುಬಿನ ವಿರುದ್ಧ ದೇವಿಹಾಕುವುದು ಇಲ್ಲಿ ಹೊಸದಾಗಿದ್ದ ದಿನಗಳಲ್ಲಿ ಸಾವಿರಗಟ್ಟಲೆ ಜನಕ್ಕೆ ದೇವಿಹಾಕಿದ. ನಮ್ಮ ಹಾಸನದ ಸಮೀಪದಲ್ಲಿಯೂ ಒಂದು ಬೇಸಾಯದ ನೆಲೆಯನ್ನು ಹೂಡಿದ. ನಮ್ಮ ಆಚಾರ ವ್ಯವಹಾರಗಳನ್ನು ಕುರಿತು ಅವನು ಬರೆದ ದೊಡ್ಡ ಗ್ರಂಥದಲ್ಲಿ ಕಹಿಯೂ ಇದೆ, ಕಣ್ಣೂ ಇದೆ. ಗಂಜಾಮಿನಲ್ಲಿ ಅವನ ಹೆಸರಿನ ಚರ್ಚು ಇದೆ. ದರಿಯಾ ದೌಲತ್ತಿಗೆ ಹೋದವರಲ್ಲಿ ಹತ್ತರಲ್ಲಿ ಒಬ್ಬರೂ ಅಲ್ಲಿಗೆ ಹೋಗುವಂತೆ ಕಾಣೆ.

ಉಳಿದವರನ್ನು ಜ್ವರ ನೋಡಿಕೊಂಡಿತು. ಕಂಪನಿಯ ದಂಡು ದ್ವೀಪದಲ್ಲಿ ನೆಲೆನಿಂತ ಮೊದಲ ವರ್ಷಗಳಿಂದಲೇ ಸೋಲ್ಜರುಗಳು ಚಳಿಜ್ವರಕ್ಕೆ ಬಿದ್ದರು. ಹೊಳೆಯ ಹಬೆ, ಕೊಳೆತ ಎಲೆ, ಕೆಟ್ಟ ಗಾಳಿ ಎಂದು ವೈದ್ಯರು ಕಾರಣ ಹುಡುಕಿದರು. ಸೊಳ್ಳೆಯ ಕೈವಾಡವನ್ನು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿಯಲು 1897 ಬರಬೇಕಾಯಿತು. ಕೊನೆಗೆ 1809ರಿಂದ ಮೊದಲ್ಗೊಂಡು ದಂಡು ಬೆಂಗಳೂರಿಗೆ ಹೋಯಿತು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಶ್ರೀರಂಗಪಟ್ಟಣದ ಸೊಳ್ಳೆಯಿಂದ ಎಂದರೆ ತಮಾಷೆಯಾಗಿ ಕಂಡೀತು, ಆದರೆ ಬಹುಮಟ್ಟಿಗೆ ನಿಜ. ಹೊಳೆಯ ದಂಡೆಯ ದಂಡಿನ ಸ್ಮಶಾನದಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಅವುಗಳಲ್ಲಿ ಹಲವು ಕಂಪನಿಯ ಸಂಬಳಕ್ಕೆ ಕಾದ ಸ್ವಿಸ್ ದಳವೊಂದರವು, ಡಿ ಮ್ಯೂರಾನ್ ಎಂಬ ಪಡೆಯವು. ಹಿಮದ ಬೆಟ್ಟಗಳ ನಾಡಿನಲ್ಲಿ ಹುಟ್ಟಿದ ಹುಡುಗರು ಕಬ್ಬಿನ ಗದ್ದೆಯ ಬದುವಿನಲ್ಲಿ ಮಲಗಿದ್ದಾರೆ. ನಾನು ಅಲ್ಲಿ ಹೆಚ್ಚು ಹೊತ್ತು ನಿಂತೆ. ಮಲೆನಾಡಿನವನಿಗೆ ಜ್ವರದ ಊರು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಡಿ.ಡಿ.ಟಿ. ಬರುವ ತನಕ ನಮ್ಮ ಸೀಮೆಯಲ್ಲೂ ತೊಟ್ಟಿಮನೆಗಳಿಗೆ ತೊಟ್ಟಿಮನೆಗಳೇ ಬಾಗಿಲು ಹಾಕಿದ್ದವು. ನಮ್ಮ ತಂದೆಯ ತಲೆಮಾರಿನವರು ಮನುಷ್ಯರ ವಯಸ್ಸನ್ನು ಲೆಕ್ಕ ಹಾಕುತ್ತಿದ್ದದ್ದೇ ದೊಡ್ಡ ಜ್ವರದ ವರ್ಷದಿಂದ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನು ತೆರೆದಾಗ ಆರಿಸಿಕೊಂಡ ಜಾಗಗಳಲ್ಲಿ ಒಂದು ಮೈಸೂರಿನ ಹತ್ತಿರದ ನಾಗೇನಹಳ್ಳಿ, ಇನ್ನೊಂದು ನಮ್ಮ ನೆರೆಯ ಮೂಡಿಗೆರೆ. ಕಾವೇರಿಯ ಗದ್ದೆಬಯಲೂ ಘಟ್ಟದ ತಪ್ಪಲೂ ಒಂದೇ ರೋಗದ ಕಡತದಲ್ಲಿ ಕೂಡಿದವು. 1901ರ ಜನಗಣತಿಯ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಉಳಿದಿದ್ದವರು ಸುಮಾರು ಎಂಟೂವರೆ ಸಾವಿರ. ಕೊನೆಯ ಪೆಟ್ಟು ಪ್ಲೇಗಿನದು.

ಸಾವಿನ ಊರಿಗೆ ಕಥೆಗಳು ಮುತ್ತುತ್ತವೆ. ಹೊಳೆಯ ಬದಿಯ ಸ್ಕಾಟನ ಬಂಗಲೆಯನ್ನು ತೋರಿಸುವವರು, ದಂಡಿನಿಂದ ಹಿಂದಿರುಗಿದ ಕರ್ನಲ್ ಸ್ಕಾಟ್ ಹೆಂಡತಿ ಮಕ್ಕಳೆಲ್ಲ ಕಾಲರಾಕ್ಕೆ ಬಲಿಯಾದದ್ದನ್ನು ಕಂಡು ಕಾವೇರಿಗೆ ಇಳಿದು ಮರೆಯಾದನೆಂದು ಹೇಳುತ್ತಾರೆ. ಸಮಾಧಿಯ ಕಲ್ಲು ಬೇರೆ ಮಾತು ಹೇಳುತ್ತದೆ: ಅವನ ಮಡದಿ 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ನಿಜವೇ ಸಾಕಷ್ಟು ದುಃಖದ್ದಾಗಿರುವಾಗ ಕಥೆಗೆ ಒಗ್ಗರಣೆ ಏಕೆ ಬೇಕೋ ನನಗೆ ತಿಳಿಯದು.

ಬರಿದಾದ ಊರನ್ನು ಬಿಚ್ಚಿ ಮಾರುವುದೂ ನಡೆಯಿತು. ದ್ವೀಪದ ಮೂಡಣ ತುದಿಯ ಲಾಲ್‌ಬಾಗ್ ಅರಮನೆಯನ್ನು ಕೆಡವಿ, ಅದರ ತೊಲೆಗಳನ್ನು ನೀಲಗಿರಿಗೆ ಸಾಗಿಸಿ, 1830ರ ಸುಮಾರಿನಲ್ಲಿ ಊಟಿಯ ಸೇಂಟ್ ಸ್ಟೀಫನ್ ಚರ್ಚನ್ನು ಕಟ್ಟಿದರು. ಊಟಿಗೆ ಹೋಗುವವರು ಆ ಚರ್ಚಿನೊಳಗೆ ಒಮ್ಮೆ ತಲೆಯೆತ್ತಿ ನೋಡಬೇಕು. ಕೋಟೆಯೊಳಗಿನ ಅರಮನೆ ನೆಲಸಮವಾಯಿತು. ಅದರ ಉಳಿದ ಭಾಗ ಕೆಲಕಾಲ ಗಂಧದ ಕೊರಡು ತುಂಬುವ ಉಗ್ರಾಣವಾಗಿತ್ತು. ಊರಿನ ಒಡೆತನವೂ ವಿಚಿತ್ರವಾಗಿತ್ತು. ದ್ವೀಪ ಕಂಪನಿಯ ಸ್ವತ್ತು. ವರ್ಷಕ್ಕೆ 50,000 ರೂಪಾಯಿಗೆ ಅದನ್ನು ಮೈಸೂರಿಗೆ ಗುತ್ತಿಗೆ ಕೊಟ್ಟಿದ್ದರು. ಒಡೆಯರು ತಮ್ಮ ಪೂರ್ವಿಕರ ರಾಜಧಾನಿಗೆ ಬಾಡಿಗೆ ಕಟ್ಟುತ್ತಿದ್ದರು. 1881ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬದಲಾಗಿ ಅದು ಮೈಸೂರಿಗೆ ಹಿಂದಿರುಗಿತು.

ದರಿಯಾ ದೌಲತ್ ಉಳಿದದ್ದು ವೆಲ್ಲೆಸ್ಲಿ ಅಲ್ಲಿ ವಾಸವಾಗಿದ್ದನೆಂಬ ಕಾರಣದಿಂದ. 1784ರ ಈ ಬೇಸಗೆಯ ಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ: ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತಿದ್ದಾನೆ, ಮದ್ದಿನ ಬಂಡಿ ಸಿಡಿದಿದೆ, ಹೈದರ ಟಿಪ್ಪು ಇಬ್ಬರೂ ಹೂವಿನ ವಾಸನೆ ನೋಡುವವರಂತೆ ನಿರಾಳವಾಗಿ ಆನೆಗಳ ಮೇಲಿದ್ದಾರೆ. ಇಂಗ್ಲಿಷರ ದೊಡ್ಡ ಸೋಲಿನ ಚಿತ್ರ ಇದು. ಮುತ್ತಿಗೆಗೆ ಮುಂಚೆಯೇ ಇದು ಕೆಟ್ಟಿತ್ತು, ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಯಾರೋ ಸುಣ್ಣ ಬಳಿದರು. ಮೈಸೂರಿಗೆ ಬಂದ ಡಾಲ್‌ಹೌಸಿ ಅದನ್ನು 1855ರಲ್ಲಿ, ಹಳೆಯ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ಒಬ್ಬ ದೇಶೀ ಕಲಾವಿದನಿಂದ ಬರೆಸಿದ. ಅಂದಮೇಲೆ ಇಂದು ನಾವು ನೋಡುವುದು ಒಬ್ಬ ಮುದಿ ಚಿತ್ರಗಾರನ ನೆನಪನ್ನು. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ಬರೆಸಿದ್ದು ಏಕೆ? ಗೆದ್ದು ಮುಗಿದ ಮೇಲೆ ಹಳೆಯ ಸೋಲೂ ಆಭರಣವಾಗುತ್ತದೆ ಎಂಬುದೊಂದೇ ನನಗೆ ಹೊಳೆಯುವ ಉತ್ತರ.

ಈಗ ನಮ್ಮ ಬೆಟ್ಟದ ಕಥೆ. ಸಕಲೇಶಪುರದ ಹತ್ತಿರ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರದ ಹಾಗಿರುವ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದವನು ಟಿಪ್ಪು. ಸುತ್ತ ಕವಿದ ಮಂಜನ್ನು ಕಂಡು ಅವನೇ ಇಟ್ಟ ಹೆಸರು ಅದು ಎನ್ನುತ್ತಾರೆ. ಆ ಸೀಮೆಗೆ ಬಲಂ ಎಂದು ಹೆಸರು. ಐಗೂರಿನ ಪಾಳೆಯಗಾರರ ನಾಡು. 1792ರ ಯುದ್ಧದಲ್ಲಿ ಪಾಳೆಯಗಾರ ಕೃಷ್ಣಪ್ಪ ನಾಯಕ ಮರಾಠರ ಪರಶುರಾಮ ಭಾವುವಿನ ಕಡೆ ಸೇರಿದ. ಶಾಂತಿಯಾದ ಮೇಲೆ ಸುಲ್ತಾನನ ಸಿಟ್ಟಿಗೆ ಹೆದರಿ ಕೊಡಗಿಗೆ ಓಡಿದ. ಸುಲ್ತಾನ ಕರೆಸಿಕೊಂಡು ಐಗೂರು ಸೀಮೆಯನ್ನು ಕೊಟ್ಟ. ಪಟ್ಟಣ ಬಿದ್ದಾಗ ನಾಯಕ ತಾನು ಯಾರ ಕೈಕೆಳಗಿನವನೂ ಅಲ್ಲವೆಂದ. 1800ರಲ್ಲಿ ಅರಕೆರೆಯ ಕಾಡಿನಲ್ಲಿ ಕಂಪನಿಯ ಪಡೆಯೊಂದನ್ನು ಹಿಮ್ಮೆಟ್ಟಿಸಿದ. ಎರಡನೆಯ ಪಡೆ ಬಂದು ಅರಕೆರೆಯನ್ನು ಹಿಡಿದರೂ ನಾಯಕ ಸಿಗಲಿಲ್ಲ. 1802ರ ಜನವರಿಯಲ್ಲಿ ವೆಲ್ಲೆಸ್ಲಿ ತಾನೇ ಬಂದ. ಅರಕೆರೆ ಮತ್ತೆ ಬಿತ್ತು. ಊರುಗಳ ಸುತ್ತಣ ಕೋಟೆಗಳನ್ನು ಕೆಡಹಿ, ಕಾಡು ಕಡಿಸಿ ದಾರಿ ಮಾಡಿಸಿದರು. ಫೆಬ್ರವರಿಯಲ್ಲಿ ನಾಯಕ ಸೆರೆಸಿಕ್ಕ, ಮರುದಿನವೇ ಗಲ್ಲು.

ಕಾವೇರಿಯ ತಂಗಾಳಿ ಬೀಸುವ ದರಿಯಾ ದೌಲತ್ತಿನ ಜಗಲಿಯಲ್ಲಿ ನಿಂತಾಗ ನನಗೆ ನೆನಪಾದದ್ದು ಇದು. ಪೊಳ್ಳಿಲೂರಿನ ಚಿತ್ರವನ್ನು ಸರಿಪಡಿಸಿದವನೂ ನಮ್ಮ ಕಾಡಿಗೆ ನೇಣು ತಂದವನೂ ಒಬ್ಬನೇ. ಅವನಿಗಿಂತ ಹಿಂದೆ ನಮ್ಮ ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ನಕ್ಷತ್ರವನ್ನು ಒತ್ತಿದ ಕೈಯೂ ಈ ದ್ವೀಪದ್ದೇ. ಬೆಟ್ಟದವರ ಪಾಲಿಗೆ ಮೇ 4ರಂದು ಯಜಮಾನರು ಬದಲಾದರು, ಅಷ್ಟೆ. ಲಾವಣಿಕಾರರು ಸುಲ್ತಾನನನ್ನು ಹಾಡಿದರು, ಇಂಗ್ಲಿಷರು ವೆಲ್ಲೆಸ್ಲಿಯನ್ನು ಹಾಡಿದರು. ಕೃಷ್ಣಪ್ಪ ನಾಯಕ ಎಷ್ಟು ಒಳ್ಳೆಯ ದೊರೆಯಾಗಿದ್ದನೆಂದು ನಾನು ವಾದಿಸಲಾರೆ; ಪಾಳೆಯಗಾರರ ಕಾಲವೆಂದರೆ ರೈತನಿಗೆ ಸುಖದ ಕಾಲವೇನೂ ಅಲ್ಲ. ಆದರೆ ಚರಿತ್ರೆಯನ್ನು ರಾಜಧಾನಿಯ ಕಿಟಕಿಯಿಂದಲೇ ನೋಡಿ ಅಭ್ಯಾಸವಾದ ನಮಗೆ, ಮಂಕನಹಳ್ಳಿಯ ದಿಣ್ಣೆಯಿಂದಲೂ ಒಮ್ಮೆ ಕೆಳಗೆ ನೋಡಿದರೆ ನಷ್ಟವಿಲ್ಲ.

ನಾನು ಹೋದದ್ದು ನಿವೃತ್ತನಾದ ಮೇಲೆ, ಎಲ್ಲರಂತೆ ಪ್ರವಾಸಿಯಾಗಿ, ಟಿಕೇಟು ಕೊಂಡು. ರೈಲ್ವೆ ನಿಲ್ದಾಣದ ಹೊರಗೆ ಒಬ್ಬ ಜಟಕಾದವನು, ಸುಮಾರು ನನ್ನ ವಯಸ್ಸಿನವನೇ, ಗಾಡಿ ನಿಲ್ಲಿಸಿದ.

“ಯಾವೂರಾಯ್ತು ಸಾಮಿ?”

“ಸಕಲೇಶಪುರದ ಕಡೆ, ವನಗೂರು.”

“ಓ, ಮಳೆ ಸೀಮೆಯೋರು. ಅತ್ತಿ ಸಾಮಿ, ಮೂರ್ ಗಂಟೇಲಿ ಎಲ್ಲಾನೂ ತೋರುಸ್ಬುಡ್ತೀನಿ.”

ಎಲ್ಲ ಎಂದರೆ ಏನೇನು ಎಂದೆ. ಬೆರಳು ಮಡಿಸುತ್ತ ಎಣಿಸಿದ: ಟಿಪ್ಪು ಬಿದ್ದ ಜಾಗ, ಬೇಲಿ ಸೆರೆಮನೆ, ನೀರುಬಾಗಿಲು, ಮಸೀದಿ, ರಂಗನಾಥಸ್ವಾಮಿ, ದರಿಯಾ ದೌಲತ್, ಗುಂಬಜು, ನಿಮಿಷಾಂಬ, ಸಂಗಮ. ದೇವರುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ ದಿನದ ಸುತ್ತ ಮುತ್ತ. ಹೊನ್ನಮ್ಮನೆಂಬ ಹೆಣ್ಣುಮಗಳು ಈ ಊರಿನಲ್ಲಿ ಕುಳಿತು ಕಾವ್ಯ ಬರೆದಳು ಎಂದು ನಾನು ಹೇಳಿದಾಗ ಅವನು ಕುದುರೆಯ ಲಗಾಮು ಸಡಿಲಿಸಿ, ಬಹಳ ಗೌರವದಿಂದ ಕೇಳಿದ: “ಎಲ್ಲಿತ್ತು ಸಾಮಿ ಅವ್ರ ಮನೆ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅರಮನೆ ನಿಂತಿದ್ದ ಬಯಲನ್ನು ತೋರಿಸಿದೆ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆ ಮೂರು ಗಂಟೆಯಲ್ಲಿ ಸಿಂಗರಾರ್ಯನ ಹೆಸರಿನ, ಗೋವಿಂದ ವೈದ್ಯನ ಹೆಸರಿನ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ. 1907ರಲ್ಲಿ ಮೈಸೂರು ಸರ್ಕಾರ ಮುತ್ತಿಗೆಯಲ್ಲಿ ಮಡಿದ ಇಂಗ್ಲಿಷ್ ಪಡೆಯವರಿಗಾಗಿ ನಿಲ್ಲಿಸಿದ ಸ್ಮಾರಕ ಸ್ತಂಭ ಮಾತ್ರ ದೂರದಿಂದಲೇ ಕಾಣುತ್ತಿತ್ತು.

ಇನ್ನೊಂದು ಸಂಗತಿಯನ್ನು ಅವನೇ ಹೇಳಿದ, ಹೆಮ್ಮೆಯಿಂದ. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ಬಂದಾಗ ಹಳಿಯನ್ನು ಕೋಟೆಯ ಗೋಡೆ ಸೀಳಿ ಊರೊಳಗೇ ಹಾಯಿಸಿದ್ದರು. ನಮ್ಮ ಕಾಲದಲ್ಲಿ ಜೋಡಿ ಹಳಿ ಹಾಕಬೇಕಾದಾಗ ಸುಲ್ತಾನನ ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಈ ಸಲ ಕೆಡವಲಿಲ್ಲ. 2017ರಲ್ಲಿ ಆ ಇಡೀ ಇಟ್ಟಿಗೆಯ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. “ಒಂದ್ ಇಟ್ಗೆ ಅಳ್ಳಾಡ್ನಿಲ್ಲ ಸಾಮಿ, ಊರ್ನೋರೆಲ್ಲ ಬಂದು ನೋಡ್ತಾ ನಿಂತಿದ್ವಿ” ಎಂದ. ಎರಡು ಶತಮಾನ ಪರಸ್ಥಳದವರ ನೋಟಕ್ಕೆ ಗುರಿಯಾದ ಆ ಊರಿನವರು ಅಂದು ತಾವೇ ನೋಟಕರಾಗಿ ಬೀದಿಗೆ ಬಂದು ನಿಂತಿದ್ದರು.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಬೇಸಗೆಯ ನಡುಹಗಲು ಬೇಡ. ಮಳೆಗಾಲ ಇಳಿಮುಖವಾದಾಗ, ಕನ್ನಂಬಾಡಿಯಿಂದ ನೀರು ಬಿಟ್ಟಿರುವ ದಿನಗಳಲ್ಲಿ ಹೋಗಿ. 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಆಗ ಹೊಳೆಯ ನಡುವೆ ತಲೆ ಮಾತ್ರ ಎತ್ತಿಕೊಂಡಿರುತ್ತದೆ. ಮೊದಲು ರಂಗನಾಥನ ಗುಡಿಗೆ, ಆಮೇಲೆ ಗುಡಿಯ ಮುಂದಿನ ಅರಮನೆಯ ಬಯಲಿಗೆ ಹೋಗಿ. ಅಲ್ಲಿ ನೋಡಲು ಏನೂ ಇಲ್ಲ, ಜಟಕಾದವನು ನಿಲ್ಲಿಸುವುದೂ ಇಲ್ಲ, ನೀವೇ ಕೇಳಿ ನಿಲ್ಲಿಸಿಕೊಳ್ಳಬೇಕು. ದಂಡಿನ ಸ್ಮಶಾನಕ್ಕೆ ಸಂಜೆಗೆ ಮುಂಚೆ ಹೋಗಿಬನ್ನಿ. ಸೊಳ್ಳೆ ಈಗಲೂ ಇದೆ.